ಅಪ್ಪನ ಎದೆ ಉರಿ, ಅಪ್ಪನಿಗೇ ಹೇಳುವ ಡಾಕ್ಟರ್

ಹಾರ್ಟ್ ಡಾಕ್ಟರ್ ಹತ್ತಿರ ಹೋದರೆ ಮುಗೀತು, ಸ್ಟೆಂಟ್ (ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕದೆ ಬಿಡಲ್ಲ. ನಮ್ಮ ಓಣಿಯಲ್ಲಿ ಈ ಮಾತು ಹೇಳದವರೇ ಇಲ್ಲ. ಅಪ್ಪನೂ ಇದನ್ನೇ ಹೇಳುತ್ತಾ ತಿಂಗಳುಗಟ್ಟಲೆ ದೂಡಿದರು. ಕೊನೆಗೆ ಹೋದೆವು, ಆಂಜಿಯೋಗ್ರಾಂ ಆಯಿತು, ಸ್ಟೆಂಟೂ ಬಿತ್ತು. ಹಾಗಂತ ಓಣಿಯವರ ಮಾತು ನಿಜ ಅಂತ ಅಲ್ಲ. ನಡುವೆ ಏನೇನಾಯಿತು, ಯಾರು ಯಾರಿಗೆ ಏನು ಹೇಳಿದರು ಅನ್ನೋದೇ ಮುಖ್ಯ. ಅದಕ್ಕೇ ಬರೆಯುತ್ತಿದ್ದೇನೆ. ಡಾಕ್ಟರ್ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಹಾಕುವುದಿಲ್ಲ, ಜಾಹೀರಾತಿನ ಹಾಗೆ ಕಾಣುತ್ತೆ. ಬೆಳಗಾವಿಯಲ್ಲೇ ಇದ್ದಾರೆ, ಅಷ್ಟು ಸಾಕು.

ಅಪ್ಪನಿಗೆ 62 ವರ್ಷ. ಖಾಸಬಾಗದಲ್ಲಿ ಮನೆ, ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್. ಶುಗರ್ ಇದೆ, ಬಿಪಿ ಇದೆ, ತಂಬಾಕು ಸುಣ್ಣ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವ ಹಳೇ ಚಟವೂ ಇದೆ. ಊಟ ಮಾಡಿ ಕಪಿಲೇಶ್ವರ ಬ್ರಿಡ್ಜ್ ಹತ್ತಿ ಪೇಟೆ ಕಡೆ ನಡೆದು ಹೋಗುವಾಗ ಎದೆ ಉರಿಯುತ್ತೆ ಅಂತ ಶುರುವಾಯಿತು. ನಿಂತರೆ ಎರಡು ಮೂರು ನಿಮಿಷದಲ್ಲಿ ಹೋಗುತ್ತೆ. ಮತ್ತೆ ನಡೆದರೆ ಮತ್ತೆ ಬರುತ್ತೆ. ಊಟದ ಮೇಲೆ ಬರುತ್ತೆ ಅಂದರೆ ಗ್ಯಾಸೇ ಅಲ್ವಾ? ಎಲ್ಲರೂ ಹಾಗೇ ಅಂದರು. ಒಂದು ಕ್ಲಿನಿಕ್‌ನಲ್ಲಿ ಗ್ಯಾಸಿನ ಗುಳಿಗೆ ಕೊಟ್ಟರು, ಇಸಿಜಿ ತೆಗೆದು ನಾರ್ಮಲ್ ಅಂದರು. ಅಪ್ಪ ಜೀರಾ ಸೋಡಾ ಕುಡಿದರು, ಖಾರ ಕಡಿಮೆ ಮಾಡಿದರು. ಉರಿ ಮಾತ್ರ ಬ್ರಿಡ್ಜ್‌ನ ಅದೇ ಏರಿನಲ್ಲಿ ಬಂದು ಹಿಡಿಯುತ್ತಿತ್ತು, ಆಮೇಲಾಮೇಲೆ ಬ್ರಿಡ್ಜ್ ತನಕವೂ ಹೋಗಲು ಬಿಡದೆ ಸಪಾಟು ರಸ್ತೆಯಲ್ಲೇ ಶುರುವಾಯಿತು. ಆಗ ನಾನು ಹಟ ಹಿಡಿದೆ.

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಮ್ಮ ಮನೆಯ ಗಂಡಸರೆಲ್ಲ ಓಡಿ ಹೋಗಿ ಇಸಿಜಿ ಮಾಡಿಸಿದ್ದರು. 46 ವರ್ಷದ ಗಟ್ಟಿಮುಟ್ಟಾದ ಮನುಷ್ಯನಿಗೇ ಹೀಗಾದರೆ ನಮ್ಮ ಗತಿ ಏನು ಅಂತ. ಎಲ್ಲರದ್ದೂ ನಾರ್ಮಲ್ ಬಂತು, ಎಲ್ಲರೂ ಮರೆತರು. ಅಪ್ಪನಂತೂ ಆ ಹಳೇ ಇಸಿಜಿಯ ಕಾಗದವನ್ನು ರೇಷನ್ ಕಾರ್ಡ್ ಜೊತೆ ಜೋಪಾನವಾಗಿ ಇಟ್ಟುಕೊಂಡಿದ್ದರು.

ಒಪಿಡಿಯಲ್ಲಿ ಜನವೋ ಜನ. ಗೋಕಾಕ, ಖಾನಾಪುರ, ಸವದತ್ತಿ, ಆ ಕಡೆ ಚಂದಗಡದಿಂದಲೂ ಬಂದಿದ್ದರು. ಬೆಳಿಗ್ಗೆ ನಂಬರ್ ಹಚ್ಚಿದ್ದು, ಒಳಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅಪ್ಪ, ಅವ್ವ, ನಾನು, ನಮ್ಮ ಕಾಕಾ, ನಾಲ್ಕೂ ಜನ ಒಳಗೆ ನುಗ್ಗಿದೆವು. ಡಾಕ್ಟರ್ ಅಪ್ಪನ ಕಡೆ ನೋಡಿ "ಏನ್ ತ್ರಾಸ್ ಐತ್ರಿ ಕಾಕಾ?" ಅಂದರು. ಅಪ್ಪ ಬಾಯಿ ತೆಗೆಯುವ ಮೊದಲೇ ನಾನು ಶುರು ಮಾಡಿದೆ. ಕಾಕಾ ನಡುವೆ ಬಾಯಿ ಹಾಕಿದರು. ಡಾಕ್ಟರ್ ಪೆನ್ ಕೆಳಗಿಟ್ಟರು.

"ತಂಗಿ, ಒಂದೀಟು ತಡೀರಿ. ಎದಿ ಅವ್ರದು, ಅವ್ರ ಹೇಳ್ಲಿ."

ಅಪ್ಪ ಹೇಳಿದರು, "ಏನಿಲ್ರಿ ಸಾಹೇಬ್ರ, ಗ್ಯಾಸ್ ಆಗೇತಿ."

"ಗ್ಯಾಸ್ ಹೌದೋ ಅಲ್ಲೋ ಅನ್ನೋದು ಆಮ್ಯಾಲೆ ನೋಡೂನು. ನಿಮಗ ಏನಾಗ್ತೈತಿ ಅದನ್ನಷ್ಟ ಹೇಳ್ರಿ. ಎಲ್ಲಿ ಉರೀತೈತಿ, ಕೈ ಇಟ್ಟು ತೋರಸ್ರಿ."

ಅಪ್ಪ ಅಂಗೈ ಅಗಲ ಮಾಡಿ ಎದೆಯ ನಡುಮಧ್ಯೆ ಇಟ್ಟರು. ಡಾಕ್ಟರ್ ಅದನ್ನು ನೋಡಿ ಏನೋ ಬರೆದುಕೊಂಡರು. ಇದರ ಅರ್ಥ ಆಮೇಲೆ ಅವರೇ ಹೇಳಿದರು. ಒಂದೇ ಬೆರಳಿನ ತುದಿಯಲ್ಲಿ "ಇಲ್ಲಿ ಚುಚ್ಚುತ್ತೆ" ಅಂತ ತೋರಿಸುವವರಲ್ಲಿ ಹೃದಯದ ತೊಂದರೆ ಕಡಿಮೆ. ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ಮೇಲೆ ಇಡುವವರನ್ನು ಸುಮ್ನೆ ಮನೆಗೆ ಕಳಿಸಬಾರದು. ನಡೆದಾಗ ಬರುವುದು, ನಿಂತರೆ ಹೋಗುವುದು, ಊಟವಾದ ಮೇಲೆ ಬೇಗ ಬರುವುದು, ಈ ಮೂರೂ ಸೇರಿದರೆ ಮೊದಲು ಹೃದಯವನ್ನೇ ನೋಡಬೇಕಂತೆ. ಊಟ ಆದಾಗ ಹೊಟ್ಟೆಗೂ ರಕ್ತ ಬೇಕು, ನಡೆಯುವಾಗ ಕಾಲಿಗೂ ಬೇಕು, ಹೃದಯದ ಕೆಲಸ ಜಾಸ್ತಿ ಆಗುತ್ತೆ. ನಾವು ಇಷ್ಟು ದಿನ ಊಟವನ್ನು ಬೈಯುತ್ತಾ ಕೂತಿದ್ದೆವು.

ಪ್ರಶ್ನೆಗಳು ಮುಗಿಯಲೇ ಇಲ್ಲ. ರಾತ್ರಿ ಮಲಗಿದಾಗ ಬರುತ್ತಾ, ಎಡಗೈಗೆ, ದವಡೆಗೆ ಹೋಗುತ್ತಾ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಆಗಿದೆಯಾ, ತಂಬಾಕು ದಿನಕ್ಕೆ ಎಷ್ಟು ಪುಡಿ. ಎರಡೂ ಕೈಯಲ್ಲಿ ಬಿಪಿ ನೋಡಿದರು, ಪಾದದ ನಾಡಿಯನ್ನೂ ಮುಟ್ಟಿ ನೋಡಿದರು. ನಡುವೆ ಒಮ್ಮೆ ನನ್ನನ್ನೂ ಅವ್ವನನ್ನೂ ಎರಡು ನಿಮಿಷ ಹೊರಗೆ ಕಳಿಸಿದರು. ಯಾಕೆ ಅಂತ ಆಮೇಲೆ ಸಿಸ್ಟರ್ ಹೇಳಿದರು: ಗಂಡಸರು ಕೆಲವೊಮ್ಮೆ ಗುಟ್ಟಾಗಿ ತೆಗೆದುಕೊಳ್ಳುವ ಗುಳಿಗೆ ಇದೆಯಲ್ಲ, ಅದರ ಜೊತೆ, ಎದೆ ಉರಿ ಬಂದಾಗ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಗುಳಿಗೆ ಬಿದ್ದರೆ ಬಿಪಿ ಅಪಾಯಕ್ಕೆ ಇಳಿಯುತ್ತೆ, ಅದಕ್ಕೆ ಎಲ್ಲರನ್ನೂ ಕೇಳುತ್ತಾರಂತೆ. ಮಗಳ ಎದುರು ಕೇಳಿದ್ದರೆ ಯಾವ ಅಪ್ಪ ತಾನೇ ಸರಿ ಉತ್ತರ ಕೊಡುತ್ತಾನೆ.

ಅಪ್ಪ ತಮ್ಮ ಜೋಪಾನದ ಇಸಿಜಿಯನ್ನೂ ಹೊಸ ಇಸಿಜಿಯನ್ನೂ ಮುಂದಿಟ್ಟು, "ನಾರ್ಮಲ್ ಐತಲ್ರಿ ಸಾಹೇಬ್ರ" ಅಂದರು. ಡಾಕ್ಟರ್ ನಕ್ಕರು. "ಮಗ್ಗ ಬಂದ್ ಇದ್ದಾಗ ಮೋಟರ್ ಮುಟ್ಟಿ ನೋಡಿದ್ರ ತಣ್ಣಗ ಇರ್ತೈತಿ. ಲೋಡ್ ಬಿದ್ದಾಗ ಬಿಸಿ ಆಗ್ತೈತೋ ಇಲ್ಲೋ ನೋಡಬೇಕಲ್ರಿ. ಇದನ್ನ ನೀವು ಮಲಕೊಂಡಾಗ ತಗದಾರ." ಅಪ್ಪನಿಗೆ ಅಲ್ಲಿಗೆ ವಿಷಯ ತಲೆಗೆ ಹೋಯಿತು. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದರು, ಪಂಪಿಂಗ್ 58 ಶೇಕಡಾ, ಅದು ಚೆನ್ನಾಗಿದೆ ಅಂದರು. ಆಮೇಲೆ ಟಿಎಂಟಿ.

ಟಿಎಂಟಿ ಅಂದರೆ ಓಡುವ ಬೆಲ್ಟಿನ ಮೇಲೆ ನಡೆಸುವುದು. ಎದೆಗೆ ವೈರು, ತೋಳಿಗೆ ಬಿಪಿ ಪಟ್ಟಿ. ಪ್ರತಿ ಮೂರು ನಿಮಿಷಕ್ಕೆ ಬೆಲ್ಟಿನ ವೇಗವೂ ಏರೂ ಜಾಸ್ತಿಯಾಗುತ್ತೆ. 220ರಲ್ಲಿ ವಯಸ್ಸು ಕಳೆದರೆ ಬರುವ ಸಂಖ್ಯೆಯ 85 ಶೇಕಡಾಕ್ಕೆ ನಾಡಿ ಮುಟ್ಟಬೇಕು, ಅಪ್ಪನಿಗೆ ಅದು 134. ಅಲ್ಲಿ ತನಕ ಹೋಗಲೇ ಇಲ್ಲ. ಎರಡನೇ ಹಂತದ ಶುರುವಿನಲ್ಲೇ "ಬಂತ್ರಿ, ಅದೇ ಬ್ರಿಡ್ಜಿನ ಉರಿ" ಅಂದರು. ಪರದೆಯ ಮೇಲೆ ಗೆರೆಗಳು ಕೆಳಗೆ ಜಾರಿದ್ದನ್ನು ನಾನೂ ನೋಡಿದೆ. ತಕ್ಷಣ ನಿಲ್ಲಿಸಿ ಮಲಗಿಸಿದರು. ಡಾಕ್ಟರ್ ಇಡೀ ಹೊತ್ತು ಅಲ್ಲೇ ನಿಂತಿದ್ದರು. ಇದು ನನಗೆ ಹಿಡಿಸಿತು. ಟೆಕ್ನಿಷಿಯನ್ ಒಬ್ಬರ ಮೇಲೆ ಬಿಟ್ಟು ಹೋಗುವುದನ್ನು ಬೇರೆ ಕಡೆ ನೋಡಿದ್ದೇನೆ.

ಮಲಗಿಸಿ ನಾಡಿ ಇಳಿಯುವ ತನಕ ಕಾಯುವಾಗ ಅಪ್ಪ ನಮ್ಮ ಕಡೆಯವರು ಎಲ್ಲರೂ ಕೇಳುವ ಪ್ರಶ್ನೆ ಕೇಳಿದರು. "ಸಾಹೇಬ್ರ, ನಿಮ್ಮದು ಯಾವೂರು?" ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಂತೆ. ಒಣ ಬೇಸಾಯದ ಮನೆ, ಹತ್ತನೇ ತನಕ ಕನ್ನಡ ಶಾಲೆ. ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಬಯಾಲಜಿ ಓದಲು ಪಟ್ಟ ಪಾಡನ್ನು ನಗುತ್ತಾ ಹೇಳಿದರು. ಆಮೇಲೆ ನಾನು ಲೆಕ್ಕ ಹಾಕಿದೆ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮೂರು ವರ್ಷ. ಅದಾದ ಮೇಲೆ ಮತ್ತೊಂದು ಪ್ರವೇಶ ಪರೀಕ್ಷೆ ಬರೆದು ಕಾರ್ಡಿಯಾಲಜಿಯಲ್ಲಿ ಡಿಎಂ ಮೂರು ವರ್ಷ. ಎಲ್ಲೂ ಫೇಲಾಗದೆ, ಎಲ್ಲೂ ಸೀಟಿಗೆ ಕಾಯದೆ ಹೋದರೂ ಹನ್ನೊಂದೂವರೆ ವರ್ಷ. ಬೋರ್ಡಿನ ಮೇಲೆ ಹೆಸರಿನ ಮುಂದೆ 'ಡಿಎಂ' ಅಂತ ಇದೆಯಾ ನೋಡಿ, ಇಲ್ಲವೇ ಅದಕ್ಕೆ ಸಮನಾದ 'ಡಿಎನ್‌ಬಿ ಕಾರ್ಡಿಯಾಲಜಿ' (ಈಗ ಅದನ್ನೇ 'ಡಿಆರ್‌ಎನ್‌ಬಿ' ಅಂತಾರೆ) ಅಂತ. ಎರಡೂ ಇಲ್ಲದೆ 'ಹೃದಯರೋಗ' ಅಂತ ಬೋರ್ಡ್ ಹಾಕಿದವರೂ ಇದ್ದಾರೆ, ಅವರಿಗೂ ಇವರಿಗೂ ಓದಿನಲ್ಲೇ ವ್ಯತ್ಯಾಸ ಇದೆ. ಇನ್ನೊಂದು, ಎದೆ ಕೊಯ್ದು ಬೈಪಾಸ್ ಮಾಡುವವರು ಇವರಲ್ಲ. ಅವರು ಎಂಎಸ್ ಆದ ಮೇಲೆ ಎಂಸಿಎಚ್ ಮಾಡಿದ ಸರ್ಜನ್‌ಗಳು, ಬೇರೆಯೇ ದಾರಿ. ಕಾಕಾ ಕೊನೇ ತನಕ ಈ ಡಾಕ್ಟರನ್ನು "ಆಪರೇಷನ್ ಡಾಕ್ಟ್ರು" ಅಂತಲೇ ಕರೆದರು.

ಡಿಎಂ ಮಾಡಿದ್ದು ಬೆಂಗಳೂರಿನ ಜಯದೇವದಲ್ಲಿ. ಇಡೀ ಕರ್ನಾಟಕ ಅಲ್ಲಿಗೆ ಬರುತ್ತೆ ಅಲ್ವಾ. ಅಲ್ಲಿ ನೋಡಿದ ಒಂದು ಸಂಗತಿಯೇ ತಮ್ಮ ಈಗಿನ ರೀತಿಗೆ ಕಾರಣ ಅಂದರು. ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಹೋದವರು ಕೆಲವರು ಕೆಲವೇ ತಿಂಗಳಲ್ಲಿ ಅದೇ ಸ್ಟೆಂಟ್ ಮುಚ್ಚಿಕೊಂಡು ಅಟ್ಯಾಕ್ ಆಗಿ ವಾಪಸ್ ಬರುತ್ತಿದ್ದರಂತೆ. ಕೇಳಿದರೆ ರಕ್ತ ತೆಳು ಮಾಡುವ ಗುಳಿಗೆ ನಿಲ್ಲಿಸಿರುತ್ತಿದ್ದರು. ಯಾಕೆ ನಿಲ್ಲಿಸಿದಿರಿ ಅಂದರೆ, "ಆರಾಮ ಆಗಿತ್ತಲ್ರಿ." ಎದೆಯೊಳಗೆ ಸ್ಟೆಂಟ್ ಇದೆ ಅನ್ನೋದೇ ಒಬ್ಬರಿಗೆ ಗೊತ್ತಿರಲಿಲ್ಲವಂತೆ. ಮಕ್ಕಳಿಗೆ ಗೊತ್ತು, ಫೈಲ್ ಮಕ್ಕಳ ಕೈಯಲ್ಲಿ. ಹೆದರುತ್ತಾರೆ ಅಂತ ಹೇಳಿರಲಿಲ್ಲ. "ಗುಳಿಗಿ ನುಂಗಾವ್ರು ಅವ್ರು. ಯಾಕ ನುಂಗತೀನಿ ಅನ್ನೂದು ಅವ್ರಿಗೆ ಗೊತ್ತಿಲ್ಲಂದ್ರ ಎಷ್ಟು ದಿನ ನುಂಗ್ಯಾರು?" ಅಂದರು.

ಈ ಮಾತಿಗೆ ಪರೀಕ್ಷೆ ಅವತ್ತೇ ಬಂತು. ಟಿಎಂಟಿ ರಿಪೋರ್ಟ್ ಕೈಗೆ ಬರುತ್ತಿದ್ದ ಹಾಗೆ ಕಾಕಾ ಡಾಕ್ಟರನ್ನು ಬಾಗಿಲ ಹತ್ತಿರ ಹಿಡಿದು ಮೆಲ್ಲಗೆ ಅಂದರು, "ಏನಿದ್ರೂ ನಮಗ ಹೇಳ್ರಿ. ಅಣ್ಣಗ ಏನೂ ಹೇಳಬ್ಯಾಡ್ರಿ, ಎದಿ ಒಡ್ಕೋತಾನ." ನಮ್ಮ ಕಡೆ ಇದು ಹೊಸದಲ್ಲ. ಅಜ್ಜಿಗೆ ಕ್ಯಾನ್ಸರ್ ಆದಾಗ ಊರಿಗೆಲ್ಲ ಗೊತ್ತಿತ್ತು, ಅಜ್ಜಿಯೊಬ್ಬಳಿಗೆ ಬಿಟ್ಟು. ಡಾಕ್ಟರ್ ಸಿಟ್ಟಾಗಲಿಲ್ಲ, ಆದರೆ ಧ್ವನಿ ಗಟ್ಟಿಯಾಯಿತು. "ಕಾಕಾಗೋಳ, ನಿಮ್ಮ ಅಣ್ಣಾವ್ರು ಈಗ ಬೆಲ್ಟಿನ ಮ್ಯಾಲೆ ನಿಂತು ತಾವ ನೋಡ್ಯಾರ. ಅವ್ರಿಂದ ಮುಚ್ಚಿಡಾಕ ಏನ್ ಉಳೀತು? ನಡೀರಿ, ಎಲ್ಲಾರೂ ಕೂಡೇ ಕುಂಡ್ರೂನು." ಎಲ್ಲರನ್ನೂ ಕೂರಿಸಿ, ಅಪ್ಪನ ಕುರ್ಚಿಯನ್ನು ತಮ್ಮ ಪಕ್ಕಕ್ಕೇ ಎಳೆಸಿ, ಬಿಳಿ ಹಾಳೆಯ ಮೇಲೆ ಹೃದಯ ಬರೆದು ಮೂರು ರಕ್ತನಾಳ ಎಳೆದರು. ಎಡಗಡೆ ಒಂದು ದೊಡ್ಡ ಬೇರು, ಅದರಿಂದ ಎರಡು ಕವಲು, ಬಲಗಡೆ ಒಂದು.

ಅವತ್ತು ಅವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಇಷ್ಟು ಬೇಗ ಟಿಎಂಟಿ ಪಾಸಿಟಿವ್ ಬಂದಿದೆ ಅಂದರೆ ಆಂಜಿಯೋಗ್ರಾಂ ಮಾಡಿ ನೋಡುವುದು ಒಳ್ಳೆಯದು, ಮುಖ್ಯವಾಗಿ ಎಡಗಡೆಯ ಆ ದೊಡ್ಡ ಬೇರಿನಲ್ಲಿ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಆಂಜಿಯೋಗ್ರಾಂ ಅಂದರೆ ಡೈ ಬಿಟ್ಟು ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ, ಚಿಕಿತ್ಸೆ ಅಲ್ಲ. ಅದರಲ್ಲಿ ದೊಡ್ಡ ತೊಂದರೆ ಆಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಆದರೆ ಸೊನ್ನೆ ಅಲ್ಲ. ಅಲ್ಲಿ ಏನೂ ದೊಡ್ಡದಿಲ್ಲದಿದ್ದರೆ ಗುಳಿಗೆ ಸಾಕು. ಮೂರೂ ನಾಳದಲ್ಲಿ ಇದ್ದರೆ, ಶುಗರ್ ಇರುವವರಿಗೆ ಬೈಪಾಸೇ ಒಳ್ಳೆಯದು, ಆಗ "ನಾ ಕೈ ಹಚ್ಚಂಗಿಲ್ಲ, ಸರ್ಜನ್ ಕಡೆ ಕಳಸ್ತೀನಿ" ಅಂದರು. ಸ್ಟೆಂಟ್ ಹಾಕುವ ಡಾಕ್ಟರ್ ಬಾಯಿಂದ ಇದನ್ನು ಕೇಳಿ ಅಪ್ಪ ಅವ್ವನ ಮುಖ ನೋಡಿದರು. ಗುಳಿಗೆ ಅವತ್ತಿನಿಂದಲೇ ಶುರು: ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್, ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್. ಜೇಬಿನಲ್ಲಿ ಸಾರ್ಬಿಟ್ರೇಟ್. ಅದನ್ನು ಕೂತುಕೊಂಡೇ ನಾಲಿಗೆ ಕೆಳಗೆ ಇಡಬೇಕು, ನಿಂತು ಇಟ್ಟರೆ ತಲೆ ತಿರುಗಿ ಬೀಳಬಹುದು. ಐದು ನಿಮಿಷದಲ್ಲಿ ಉರಿ ಹೋಗದಿದ್ದರೆ "ನನಗ ಫೋನ್ ಹಚ್ಚಕೋತ ಕುಂಡ್ರಬ್ಯಾಡ್ರಿ, ಹತ್ತಿರದ ಆಸ್ಪತ್ರಿಗೆ ಓಡ್ರಿ" ಅಂದರು. ಕಾಕಾ ಹಳ್ಳಿಯಲ್ಲಿ ಇರುವುದರಿಂದ ಅವರಿಗೂ ಒಂದು ವಿಷಯ ಹೇಳಿದರು: ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಸರ್ಕಾರದ ಯೋಜನೆ ಇದೆ, ಅದರಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಟ್ಯಾಕ್ ಆಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಆ ಇಂಜೆಕ್ಷನ್‌ಗೆ ಹತ್ತಾರು ಸಾವಿರ ರೂಪಾಯಿ.

ಆಂಜಿಯೋಗ್ರಾಂಗೆ ಮೊದಲು ಕ್ರಿಯಾಟಿನಿನ್ ಅನ್ನುವ ಕಿಡ್ನಿಯ ರಕ್ತಪರೀಕ್ಷೆ ನೋಡಿದರು, ಹಾಕುವ ಡೈ ಕಿಡ್ನಿಗೆ ಭಾರ ಆಗಬಾರದು ಅಂತ. ಶುಗರಿನ ಮೆಟ್‌ಫಾರ್ಮಿನ್ ಗುಳಿಗೆಯನ್ನು ಆ ಹೊತ್ತಿಗೆ ನಿಲ್ಲಿಸಿದರು. ಕನ್ಸೆಂಟ್ ಫಾರಂ ಮೇಲೆ ಸಹಿ ಮಾಡಲು ನಾನು ಪೆನ್ ತೆಗೆದೆ, ಫಾರಂ ಅಪ್ಪನ ಕಡೆ ಹೋಯಿತು. ಕನ್ನಡದಲ್ಲೇ ಇತ್ತು. ಅಪ್ಪ ಪೂರ್ತಿ ಓದಿದರು, ಸಾವು ಅನ್ನುವ ಪದ ಇದ್ದ ಸಾಲನ್ನು ಎರಡು ಸಲ ಓದಿದರು, ಆಮೇಲೆ ಸಹಿ ಮಾಡಿದರು.

ಆಂಜಿಯೋಗ್ರಾಂನ ಹಿಂದಿನ ಸಂಜೆ ಡಾಕ್ಟರ್ ವಾರ್ಡಿಗೆ ಬಂದಾಗ ಅಪ್ಪ ಮತ್ತೆ ಕೇಳಿದರು, ಮಣಿಕಟ್ಟಿನಿಂದ ವೈರ್ ಎದೆ ತನಕ ಹೆಂಗ ಹೋಗ್ತೈತಿ ಅಂತ. ಡಾಕ್ಟರ್ ಅಲ್ಲೇ ಮಂಚದ ಅಂಚಿಗೆ ಒರಗಿ ಒಂದು ಕಥೆ ಹೇಳಿದರು. 1929ರಲ್ಲಿ ಜರ್ಮನಿಯಲ್ಲಿ ಫೋರ್ಸ್‌ಮನ್ ಅನ್ನುವ ಹುಡುಗ ಡಾಕ್ಟರ್ ತನ್ನ ತೋಳಿನ ರಕ್ತನಾಳದಿಂದ ತಾನೇ ಒಂದು ನಳಿಕೆ ತೂರಿಸಿಕೊಂಡು, ಹಾಗೇ ನಡೆದು ಎಕ್ಸ್‌ರೇ ಕೋಣೆಗೆ ಹೋಗಿ ಅದು ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದನಂತೆ. ಎಲ್ಲರೂ ಹುಚ್ಚ ಅಂದರು. 1956ರಲ್ಲಿ ಅದಕ್ಕೇ ನೊಬೆಲ್ ಬಂತು. ಬಲೂನ್ ಹಾಕಿ ನಾಳ ಅಗಲ ಮಾಡಿದ್ದು ಇನ್ನೂ ಆಮೇಲೆ, 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಅನ್ನುವ ಡಾಕ್ಟರ್. "ನೀವು ಮಗ್ಗಕ್ಕ ಕೂತಾಗ ಇನ್ನೂ ಇದು ಇರ್ಲಿಲ್ಲ ನೋಡ್ರಿ" ಅಂದರು. ನಾಳದೊಳಗೆ ಹೋಗುವ ತೀರ ಸಣ್ಣ ವೈರ್ ಎಷ್ಟು ದಪ್ಪ ಅಂತ ಅಪ್ಪ ಬಿಡದೆ ಕೇಳಿದರು. ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತ ಒಂಚೂರು ಜಾಸ್ತಿ ಅಂದಾಗ ಮನಸ್ಸಿನಲ್ಲೇ ನೂಲಿನ ನಂಬರ್ ಹೊಂದಿಸಿ ನೋಡಿದರು ಅಂತ ಕಾಣುತ್ತೆ, ತಲೆಯಾಡಿಸಿದರು. ಒಬ್ಬ ರೋಗಿಗೆ ಇಷ್ಟು ಹೊತ್ತು ಕೊಡುವುದರಿಂದಲೇ ಇವರ ಒಪಿಡಿ ಮಧ್ಯಾಹ್ನ ದಾಟುತ್ತೆ. ಹೊರಗೆ ಕೂತಾಗ ಬೈದಿದ್ದೆ, ಒಳಗಿದ್ದಾಗ ಸುಮ್ಮನಿದ್ದೆ.

ಆಂಜಿಯೋಗ್ರಾಂ ಮಾಡುವ ಕೋಣೆ, ಕ್ಯಾಥ್ ಲ್ಯಾಬ್ ಅಂತಾರೆ, ಅದರ ಒಳಗೆ ನಮ್ಮನ್ನು ಬಿಡುವುದಿಲ್ಲ. ಅಪ್ಪ ಹೇಳಿದ್ದು ಇಷ್ಟು: ಕೋಣೆ ಥಂಡಿ, ಮಣಿಕಟ್ಟಿಗೆ ಒಂದು ಚುಚ್ಚುಮದ್ದು, ಆಮೇಲೆ ನೋವಿಲ್ಲ, ಡೈ ಬಿಟ್ಟಾಗ ಒಂದು ಕ್ಷಣ ಮೈ ಬಿಸಿ. ಎಚ್ಚರವಾಗಿಯೇ ಇದ್ದರು. ಅರ್ಧ ಗಂಟೆಯೂ ಆಗಲಿಲ್ಲ. ಪರದೆ ತಿರುಗಿಸಿ ಮೊದಲು ಅಪ್ಪನಿಗೇ ತೋರಿಸಿದರಂತೆ. ಸೀಸದ ಏಪ್ರನ್ ಹಾಕಿಕೊಂಡೇ ಹೊರಗೆ ಬಂದು ಆಮೇಲೆ ನಮಗೆ ಹೇಳಿದರು. ದೊಡ್ಡ ಬೇರು ಚೆನ್ನಾಗಿದೆ. ಮುಂಭಾಗದ ನಾಳ, ಅದಕ್ಕೆ ಎಲ್‌ಎಡಿ ಅಂತಾರೆ, ಅದರ ನಡುವೆ 90 ಶೇಕಡಾ ಬ್ಲಾಕ್. ಬಲಗಡೆ 40, ಅದನ್ನು ಮುಟ್ಟುವ ಅಗತ್ಯ ಇಲ್ಲ. ಕಾಕಾ "90" ಕೇಳಿದ್ದೇ ತಡ, "ಇವತ್ತ ಹಾಕ್ಬಿಡ್ರಿ ಸಾಹೇಬ್ರ" ಅಂತ ಕೈ ಮುಗಿದರು. ಸ್ಟೆಂಟ್ ಹಾಕಿಯೇ ಕಳಿಸುತ್ತಾರೆ ಅಂತ ಊರೆಲ್ಲ ಹೇಳಿಕೊಂಡು ಬಂದ ಮನುಷ್ಯ ಇವರೇ.

ಡಾಕ್ಟರ್ ಹಾಕಲಿಲ್ಲ. ಒಂದು, ನಮ್ಮದು ಬಿಪಿಎಲ್ ಕಾರ್ಡ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮಾಡಿಸುವುದಾದರೆ ಆಂಜಿಯೋಗ್ರಾಂ ರಿಪೋರ್ಟ್ ಕಳಿಸಿ ಅನುಮತಿ ತರಿಸಬೇಕು. ಎರಡು, ಅಪ್ಪ ಯೋಚನೆ ಮಾಡಬೇಕು. ಅಪ್ಪನಿಗೆ ಅವರು ಹೇಳಿದ ಮಾತು ನನಗೆ ಇವತ್ತಿಗೂ ಆಶ್ಚರ್ಯ. "ಕಾಕಾ, ನಿಮಗ ಅಟ್ಯಾಕ್ ಆಗಿಲ್ಲ. ಅಟ್ಯಾಕ್ ಆದಾಗ ಸ್ಟೆಂಟ್ ಜೀವ ಉಳಸ್ತೈತಿ, ಅಲ್ಲಿ ಎರಡು ಮಾತಿಲ್ಲ. ನಿಮ್ಮಂಥಾವ್ರಿಗೆ ಸ್ಟೆಂಟ್ ಹಾಕಿದ್ರ ಉರಿ ಹೋಗ್ತೈತಿ, ಬ್ರಿಡ್ಜ್ ಏರ್ತೀರಿ. ಆಯುಷ್ಯ ಹೆಚ್ಚಾಗ್ತೈತಿ ಅಂತ ನಾ ಹೇಳಂಗಿಲ್ಲ. ಆಯುಷ್ಯ ಗುಳಿಗಿ ಕೈಯಾಗ, ತಂಬಾಕ ಬಿಡೂದ್ರಾಗ ಐತಿ."

ಇದು ಅವರ ಸ್ವಂತ ಅಭಿಪ್ರಾಯ ಅಂದುಕೊಂಡು ಮನೆಗೆ ಬಂದು ಹುಡುಕಿದೆ. ಅಲ್ಲ. 2020ರಲ್ಲಿ ಇಸ್ಕೀಮಿಯಾ ಅನ್ನುವ ದೊಡ್ಡ ಅಧ್ಯಯನ ಪ್ರಕಟವಾಗಿದೆ, 5 ಸಾವಿರಕ್ಕೂ ಹೆಚ್ಚು ರೋಗಿಗಳು, ನಮ್ಮ ದೇಶದವರೂ ಅದರಲ್ಲಿದ್ದರು. ಇತ್ತೀಚೆಗೆ ಅಟ್ಯಾಕ್ ಆಗದ, ದೊಡ್ಡ ಬೇರು ಚೆನ್ನಾಗಿರುವ, ಶ್ರಮದ ಪರೀಕ್ಷೆಯಂಥದ್ದರಲ್ಲಿ ತೊಂದರೆ ಕಂಡ ಜನರಲ್ಲಿ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ, ಗುಳಿಗೆಯಿಂದ ಶುರು ಮಾಡಿದವರಿಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ಮೊದಲಿನವರಿಗೆ ಚೆನ್ನಾಗಿ ಕಡಿಮೆಯಾಗಿತ್ತು. ಡಾಕ್ಟರ್ ಅದನ್ನೇ ಬ್ರಿಡ್ಜ್ ಲೆಕ್ಕದಲ್ಲಿ ಹೇಳಿದ್ದರು.

ಮನೆಯಲ್ಲಿ ದೊಡ್ಡ ಪಂಚಾಯತಿ ಆಯಿತು. ಪುಣೆಯಿಂದ ಅಣ್ಣ ಫೋನಿನಲ್ಲಿ, ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಅಂತ. ಡಾಕ್ಟರನ್ನು ಕೇಳಿದರೆ ಮುಖ ಗಂಟು ಹಾಕುತ್ತಾರೇನೋ ಅಂತ ಹಿಂಜರಿಯುತ್ತಲೇ ಆಂಜಿಯೋಗ್ರಾಂನ ಸಿಡಿ ಕೇಳಿದೆ. ಅವರು ಸಿಡಿ ಕೊಡಿಸಿ, ಈಗ ಬರೆದ ಗುಳಿಗೆ ಮಾತ್ರ ದಾರಿಯಲ್ಲೂ ತಪ್ಪಿಸಬೇಡಿ ಅಂದರು, ಅಷ್ಟೇ. ಅಣ್ಣ ಸಿಡಿಯನ್ನು ಪುಣೆಯಲ್ಲಿ ಒಬ್ಬರಿಗೆ ತೋರಿಸಿದ, ಅಲ್ಲೂ ಇದೇ ಉತ್ತರ. ಗುಳಿಗೆಯಿಂದ ಅಪ್ಪನ ಉರಿ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಬ್ರಿಡ್ಜ್ ಬಿಟ್ಟರೂ ಮಗ್ಗಕ್ಕೆ ಭೀಮು, ಅಂದರೆ ಹಾಸಿನ ನೂಲು ಸುತ್ತಿದ ಉರುಳೆ, ಏರಿಸುವಾಗ ಬರುತ್ತಿತ್ತು. ಹಾಸಿನ ಭೀಮು ಅಂದರೆ ಸುಮ್ನೆ ಅಲ್ಲ, ಇಬ್ಬರು ಎತ್ತಬೇಕು. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಹೇಳಿದರು, "ಹಾಕಸ್ಕೋತೀನಿ. ಮಗ್ಗ ಬಿಟ್ಟು ಕುಂಡ್ರಾಕ ಆಗೂದಿಲ್ಲ ನನಗ." ಆ ಮೇಲೆ ಯಾರೂ ಮಾತಾಡಲಿಲ್ಲ. ಕಾಕಾ ಕೂಡ.

ಯೋಜನೆಯ ಕೆಲಸ ಓಡಾಟದ್ದು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್, ರಿಪೋರ್ಟ್‌ಗಳು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನೇ ಹಿಡಿದುಕೊಳ್ಳಿ, ಬೇರೆ ಯಾರನ್ನು ಕೇಳಿದರೂ ಸುತ್ತು ಹೊಡೆಸುತ್ತಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ 30 ಶೇಕಡಾ. ಕೈಯಿಂದ ಕೊಟ್ಟು ಮಾಡಿಸುವವರಿಗೂ ಒಂದು ಮಾತು: 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧಿ ಲೇಪಿಸಿದ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೂ ಮೊದಲು ಲಕ್ಷ ದಾಟುತ್ತಿತ್ತು. ಆ ಮಿತಿ ಆಗಾಗ ಬದಲಾಗುತ್ತಾ ಬಂದಿದೆ, ಆದರೆ ಮಿತಿ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ.

ಸ್ಟೆಂಟ್ ಹಾಕುವ ದಿನ ಹೆಚ್ಚೇನೂ ಹೇಳುವುದಿಲ್ಲ. ಅದೇ ಮಣಿಕಟ್ಟು, ಈ ಸಲ ಒಂದು ಗಂಟೆ. ಬಲೂನ್ ಉಬ್ಬಿಸಿದಾಗ ಅದೇ ಹಳೇ ಉರಿ ಬಂತು, ಇಳಿಸಿದಾಗ ಹೋಯಿತು ಅಂದರು ಅಪ್ಪ. ಮಣಿಕಟ್ಟಿಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದರು, ಅದನ್ನು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ ತೆಗೆದರು. ಮಾರನೇ ದಿನ ಮನೆಗೆ. ಬಿಡುವ ಮೊದಲು ಡಾಕ್ಟರ್ ಒಂದು ಸ್ಯಾಂಪಲ್ ಸ್ಟೆಂಟ್ ತಂದು ಅಪ್ಪನ ಅಂಗೈ ಮೇಲೆ ಇಟ್ಟರು, ನೋಡಬೇಕು ಅಂತ ಅಪ್ಪ ಮೊದಲೇ ಹೇಳಿಟ್ಟಿದ್ದರು. ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಯಾರು ನೇಯ್ತಾರ್ರಿ?"

"ನೇಯಂಗಿಲ್ರಿ. ಸಣ್ಣ ಕೊಳವಿ ತಗೊಂಡು ಲೇಸರ್‌ದಿಂದ ಕೊರೀತಾರ. ಕೋಬಾಲ್ಟು, ಕ್ರೋಮಿಯಂ. ನಮ್ಮ ದೇಶದಾಗೂ ಆಗ್ತಾವ, ಸೂರತ್‌ದಾಗ."

"ಸೂರತ್?" ಅಂದರು ಅಪ್ಪ. ನಮ್ಮ ಕಡೆ ಸೂರತ್ ಅಂದರೆ ಜರಿ ಮತ್ತು ನೂಲು, ಬಾಕಿ ಉಳಿದರೆ ದಿನಾ ಫೋನ್ ಮಾಡುವ ಸೇಠ್‌ಗಳು. "ಹಂಗಾದ್ರ ಅಲ್ಲಿ ನನ್ನ ಬಾಕಿ ಇನ್ನೂ ಒಂದು ಹೆಚ್ಚಾತು" ಅಂದರು. ಡಾಕ್ಟರ್ ಜೋರಾಗಿ ನಕ್ಕರು.

ಗುಳಿಗೆಗಳ ವಿಷಯದಲ್ಲಿ ಮಾತ್ರ ನಗು ಇರಲಿಲ್ಲ. ರಕ್ತ ತೆಳು ಮಾಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಎರಡೂ 75 ಮಿಲಿಗ್ರಾಂ. ಜೋಡಿಯಾಗಿ ಕಡಿಮೆ ಅಂದರೂ ಆರು ತಿಂಗಳು, ಅಟ್ಯಾಕ್ ಆದವರಿಗಾದರೆ ಸಾಮಾನ್ಯವಾಗಿ ಒಂದು ವರ್ಷ. "ಹಲ್ಲಿನ ಡಾಕ್ಟ್ರು ಬಿಡ್ರಿ ಅಂದ್ರೂ ನನ್ನ ಕೇಳದ ಬಿಡಬ್ಯಾಡ್ರಿ." ಅಪ್ಪನ ಕೈಯಲ್ಲೇ ಚೀಟಿ ಕೊಟ್ಟು, ಯಾವ ಗುಳಿಗೆ ಯಾಕೆ ಅಂತ ಅಪ್ಪನ ಬಾಯಿಂದಲೇ ವಾಪಸ್ ಹೇಳಿಸಿದರು. ಎರಡರಲ್ಲಿ ತಪ್ಪಾಯಿತು, ಮತ್ತೆ ಹೇಳಿಕೊಟ್ಟರು. ಅವ್ವನನ್ನು ಬೇರೆ ಕೂರಿಸಿಕೊಂಡು ಅಡುಗೆ ಕೇಳಿದರು. ಜೋಳದ ರೊಟ್ಟಿ, ಪಲ್ಯೆ, ಕಾಳು, ಏನೂ ತೊಂದರೆ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ. ನಮ್ಮೂರ ಸಿಹಿ ಕುಂದಾ, ಹಬ್ಬಕ್ಕೆ ಒಂದು ಚಮಚ ಅಂದರು, ಶುಗರ್ ಇದ್ದವರಿಗೆ ಅದೂ ಜಾಸ್ತಿ ಅಂತ ನನ್ನ ಅನಿಸಿಕೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 70ರ ಕೆಳಗೆ ಬರಬೇಕು, ಸಾಧ್ಯವಾದರೆ 55ರ ಕೆಳಗೆ. ಈ ಕೊಲೆಸ್ಟರಾಲ್ ಗುಳಿಗೆ ಲಿವರ್ ತಿನ್ನುತ್ತೆ ಅಂತ ವಾಟ್ಸಾಪಿನಲ್ಲಿ ತಿರುಗುವ ವಿಡಿಯೋವನ್ನು ಕಾಕಾ ತೋರಿಸಲು ಹೋದರು. ಡಾಕ್ಟರ್ ಅದಕ್ಕೂ ಉತ್ತರ ಕೊಟ್ಟರು: ಲಿವರ್ ಟೆಸ್ಟ್ ಮಾಡಿಸೋಣ, ವ್ಯತ್ಯಾಸ ಕಂಡರೆ ನಾನೇ ಬದಲಾಯಿಸುತ್ತೇನೆ, ವಿಡಿಯೋ ನೋಡಿ ನೀವು ಬದಲಾಯಿಸಬೇಡಿ.

ಅವರಲ್ಲಿ ಕೊರತೆ ಇಲ್ಲ ಅಂತಲ್ಲ. ಕಾಯಿಸುವುದು ಒಂದು. ಫೋನ್ ಎತ್ತುವುದಿಲ್ಲ, ಮೆಸೇಜಿಗೆ ರಾತ್ರಿ ಒಂದೇ ಸಾಲಿನ ಉತ್ತರ. ಕೆಲವರಿಗೆ ಇಷ್ಟು ನೇರ ಮಾತು ಸೇರುವುದಿಲ್ಲ. ನಮ್ಮ ಪಕ್ಕ ಕೂತಿದ್ದ ಅಥಣಿಯ ಒಬ್ಬರು "ಧೈರ್ಯ ಹೇಳೂದು ಬಿಟ್ಟು ಲೆಕ್ಕ ಹೇಳ್ತಾನ" ಅಂತ ಗೊಣಗುತ್ತಿದ್ದರು. ತೀರ ವಯಸ್ಸಾದವರಿಗೆ, ತುಂಬಾ ಹೆದರುವವರಿಗೆ ಇದೇ ರೀತಿ ಹೊಂದುತ್ತಾ ಅಂತ ನನಗೂ ಸಂಶಯ ಇದೆ. ನಮ್ಮ ಅಜ್ಜಿ ಆಗಿದ್ದರೆ ಏನಾಗುತ್ತಿತ್ತೋ. ಅಪ್ಪನಿಗಂತೂ ಹೊಂದಿತು.

ತಂಬಾಕು ಪೂರ್ತಿ ಬಿಟ್ಟಿಲ್ಲ. ಬಿಟ್ಟಿದ್ದೇನೆ ಅಂತಾರೆ, ಶೆಡ್ಡಿನಲ್ಲಿ ಸುಣ್ಣದ ಡಬ್ಬಿ ಸಿಗುತ್ತೆ. ಗುಳಿಗೆ ಮಾತ್ರ ಗಡಿಯಾರ ನೋಡಿ ನುಂಗುತ್ತಾರೆ, ಓಣಿಯಲ್ಲಿ ಯಾರಿಗಾದರೂ ಎದೆ ಉರಿ ಅಂದರೆ "ಎಲ್ಲಿ, ಕೈ ಇಟ್ಟು ತೋರಸು" ಅಂತ ಕೇಳುತ್ತಾರೆ. ಈಗ ತೋರಿಸಲು ಒಬ್ಬರೇ ಹೋಗುತ್ತಾರೆ, ಫೈಲ್ ತಮ್ಮ ಚೀಲದಲ್ಲೇ. ಹೋದ ಸಲ ಎಲ್‌ಡಿಎಲ್ ಎಷ್ಟು ಬಂತು ಅಂತ ನಾನು ಕೇಳಿದರೆ, "ಡಾಕ್ಟ್ರು ನನಗ ಹೇಳ್ಯಾರ, ನಿನಗ್ಯಾಕ ಬೇಕು" ಅಂದರು. ಅವ್ವನನ್ನು ಕೇಳಿ ತಿಳಿದುಕೊಂಡೆ. 64.